1,572 ಸಲ ಆಡಿದ 'ಮೇರಿ, ಮೇರಿ' ಇವತ್ತು ಯಾರಿಗೆ ಬೇಕು?

ನಮಸ್ಕಾರ. ಇವತ್ತು ಒಂದು ಸಂಖ್ಯೆಯಿಂದ ಶುರು ಮಾಡೋಣ.

[ಪರದೆ ಮೇಲೆ ದೊಡ್ಡದಾಗಿ: 1,572]

1961ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ದೊಡ್ಡ ನಾಟಕ ಥಿಯೇಟರುಗಳ ಜಾಗವಾದ ಬ್ರಾಡ್‌ವೇಯಲ್ಲಿ 'ಮೇರಿ, ಮೇರಿ' ಅನ್ನೋ ಒಂದು ನಾಟಕ ಶುರುವಾಯಿತು. ಬರೆದವರು ಜೀನ್ ಕರ್. ಹಾಡಿಲ್ಲ, ಕುಣಿತ ಇಲ್ಲ, ಒಂದೇ ಮನೆಯ ಸೆಟ್, ಐದೇ ಪಾತ್ರ. ಅದು ಹತ್ತಿರ ಹತ್ತಿರ ನಾಲ್ಕು ವರ್ಷ ಓಡಿ 1,572 ಪ್ರದರ್ಶನ ಕಂಡಿತು. ಈಗ ನಿಮ್ಮ ಪರಿಚಯದಲ್ಲಿ ಯಾರಾದರೂ ರಂಗಭೂಮಿ ಹುಚ್ಚಿನವರು ಇದ್ದರೆ ಕೇಳಿ ನೋಡಿ, 'ಮೇರಿ, ಮೇರಿ' ಗೊತ್ತಾ ಅಂತ. ಹತ್ತರಲ್ಲಿ ಒಂಬತ್ತು ಜನ ತಲೆ ಕೆರೆದುಕೊಳ್ಳುತ್ತಾರೆ.

ಅಷ್ಟು ಜನ ನಕ್ಕ ನಾಟಕ ಹೀಗೆ ಮಾಯವಾಗೋದು ಹೇಗೆ? 1950, 60ರ ದಶಕದ ಆ ಬ್ರಾಡ್‌ವೇ ಪ್ರೇಮ ಕಾಮಿಡಿಗಳು ಈಗಿನವರಿಗೆ ಹಿಡಿಸುತ್ತವಾ? ನನ್ನ ಉತ್ತರ: ಕೆಲವು ಹಿಡಿಸುತ್ತವೆ, ಆದರೆ ಆಗ ಸೂಪರ್ ಹಿಟ್ ಆಗಿದ್ದವೇ ಅಂತೇನಿಲ್ಲ.

[ದೃಶ್ಯ: ಮ್ಯಾನ್‌ಹಟನ್ನಿನ ಹಳೆ ಕಪ್ಪು ಬಿಳುಪು ಚಿತ್ರಗಳು, ಥಿಯೇಟರ್ ಮುಂದಿನ ದೀಪಗಳು]

ಮೊದಲು ಆ ಕಾಲದ ಸೂತ್ರ ನೋಡೋಣ. ನ್ಯೂಯಾರ್ಕಿನ ಒಂದು ಫ್ಲಾಟು. ನಡುವೆ ಸೋಫಾ, ಪಕ್ಕದಲ್ಲಿ ಡ್ರಿಂಕ್ಸ್ ಇಟ್ಟ ಮೇಜು, ಒಂದು ಫೋನು, ಒಂದು ಬಾಗಿಲು. ಆ ಬಾಗಿಲಿನಿಂದ ಬರಬಾರದವರು ಬರಬಾರದ ಹೊತ್ತಿಗೆ ಬರಬೇಕು. ಒಳಗೆ ಒಂದು ಗಂಡು, ಒಂದು ಹೆಣ್ಣು. ಇಬ್ಬರಿಗೂ ಇಷ್ಟ ಇದೆ, ಆದರೆ ನಡುವೆ ಒಂದು ಅಡ್ಡಗೋಡೆ. ಆ ಗೋಡೆ ಇರೋ ತನಕ ನಾಟಕ, ಬಿದ್ದರೆ ಪರದೆ. ಅಷ್ಟೇ ಕಥೆ.

ಈ ಅಡ್ಡಗೋಡೆ ಅನ್ನೋ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ನನ್ನ ಪ್ರಕಾರ ಈ ನಾಟಕಗಳಲ್ಲಿ ಹಳತಾಗೋದು ಜೋಕುಗಳಲ್ಲ, ಆ ಗೋಡೆ.

ಉದಾಹರಣೆಗೆ 1951ರ 'ದಿ ಮೂನ್ ಈಸ್ ಬ್ಲೂ', ಎಫ್. ಹ್ಯೂ ಹರ್ಬರ್ಟ್ ಬರೆದದ್ದು, 924 ಪ್ರದರ್ಶನ. ಎಂಪೈರ್ ಸ್ಟೇಟ್ ಬಿಲ್ಡಿಂಗಿನ ಮೇಲೆ ಒಬ್ಬ ಹುಡುಗ ಒಬ್ಬ ಹುಡುಗಿಯನ್ನು ನೋಡುತ್ತಾನೆ, ಮಾತಾಡಿಸುತ್ತಾನೆ, ಅವಳು ಅವನ ಮನೆಗೂ ಹೋಗುತ್ತಾಳೆ. ಹೋಗಿ ನೇರವಾಗಿ ಹೇಳಿಬಿಡುತ್ತಾಳೆ: ನಾನು ಕನ್ಯೆ, ಮದುವೆ ತನಕ ಹಾಗೇ ಇರುತ್ತೇನೆ, ಆದರೆ ಮಾತಾಡೋಕೆ ಏನೂ ಅಭ್ಯಂತರ ಇಲ್ಲ. ಎಲ್ಲರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಿದ್ದ ಕಾಲದಲ್ಲಿ ಈಕೆ ದೀಪವನ್ನು ಕೈಗೆ ತೆಗೆದುಕೊಂಡು ಮುಖಕ್ಕೇ ಹಿಡಿದಳು. ಜನ ಬಿದ್ದು ಬಿದ್ದು ನಕ್ಕರು.

1953ರಲ್ಲಿ ಆಟೋ ಪ್ರೆಮಿಂಜರ್ ಇದನ್ನೇ ಸಿನಿಮಾ ಮಾಡಿದಾಗ ರಾದ್ಧಾಂತವೇ ಆಯಿತು. 'ಕನ್ಯೆ' ಅನ್ನೋ ಥರದ ಮಾತುಗಳಿವೆ ಅಂತ ಹಾಲಿವುಡ್ಡಿನ ಸೆನ್ಸಾರ್ ಮುದ್ರೆ ಸಿಗಲಿಲ್ಲ, ಪ್ರೆಮಿಂಜರ್ ಮುದ್ರೆ ಇಲ್ಲದೆಯೇ ಬಿಡುಗಡೆ ಮಾಡಿದರು. ಕ್ಯಾನ್ಸಸ್ ರಾಜ್ಯ ನಿಷೇಧ ಹಾಕಿತು, ಜಗಳ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಗಿ 1955ರಲ್ಲಿ ನಿಷೇಧ ರದ್ದಾಯಿತು. ಒಂದು ಪದಕ್ಕೆ ಸುಪ್ರೀಂ ಕೋರ್ಟು! ಈಗ ಆ ಸಿನಿಮಾ ನೋಡಿದರೆ ಒಬ್ಬಳು ತುಂಬಾ ಮಾತಾಡುವ ಒಳ್ಳೆ ಹುಡುಗಿ ಕಾಣುತ್ತಾಳೆ, ಅಷ್ಟೇ. ಎಲ್ಲಿ ನಗಬೇಕು ಅಂತ ಗೊತ್ತಾಗುವುದಿಲ್ಲ, ಯಾಕಂದರೆ ಆ ನಗುವಿನ ಅರ್ಧ ಪಾಲು 'ಅಯ್ಯೋ, ಹೇಳೇಬಿಟ್ಟಳಲ್ಲ' ಅನ್ನೋ ಗಾಬರಿ. ಗಾಬರಿ ಹೋಯಿತು, ನಗುವೂ ಅದರ ಹಿಂದೆಯೇ ಹೋಯಿತು.

ಗೋಡೆ ಬಿದ್ದದ್ದು ಬೇಗ. 1960ರಲ್ಲಿ ಗರ್ಭನಿರೋಧಕ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನ್ಯೂಯಾರ್ಕ್ ರಾಜ್ಯದಲ್ಲಿ ವಿಚ್ಛೇದನ ಬೇಕಂದರೆ ಸಂಗಾತಿಯ ವ್ಯಭಿಚಾರ ಸಾಬೀತು ಮಾಡೋದೊಂದೇ ದಾರಿ ಅನ್ನೋ ಕಾನೂನಿತ್ತು, ಅದು 1966ರಲ್ಲಿ ಬದಲಾಯಿತು. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. ನಾಟಕಕಾರ ನೀಲ್ ಸೈಮನ್ನರ 'ಬೇರ್‌ಫುಟ್ ಇನ್ ದ ಪಾರ್ಕ್' ಅನ್ನೋ ಹೊಸ ಜೋಡಿಯ ಕಾಮಿಡಿ ಬಿಲ್ಟ್‌ಮೋರ್ ಥಿಯೇಟರಿನಲ್ಲಿ 1967ರ ಜೂನ್ ತನಕ ಓಡಿತು. ಒಂದು ವರ್ಷ ಕಳೆಯೋ ಮೊದಲೇ, 1968ರ ಏಪ್ರಿಲ್‌ನಲ್ಲಿ ಅದೇ ವೇದಿಕೆ ಮೇಲೆ ಬಂದದ್ದು 'ಹೇರ್'. ಹಿಪ್ಪಿಗಳು, ವಿಯೆಟ್ನಾಂ ಯುದ್ಧಕ್ಕೆ ವಿರೋಧ, ಬೆತ್ತಲೆ ನಟರು. ಹನಿಮೂನಿಂದ ಬಂದ ಜೋಡಿ ಹೀಟರ್ ಇಲ್ಲ ಅಂತ ಜಗಳ ಆಡಿದ ಜಾಗದಲ್ಲೇ!

ಇನ್ನು ಟಿವಿ. 1951ರಿಂದಲೇ 'ಐ ಲವ್ ಲೂಸಿ' ಬರುತ್ತಿತ್ತು. ಸೋಫಾ, ಬಾಗಿಲು, ಗಂಡ ಹೆಂಡತಿ ಜಗಳ, ಎಲ್ಲ ಮನೆಯಲ್ಲೇ ಪುಕ್ಕಟೆ. 1970ರ ಹೊತ್ತಿಗೆ 'ಬೇರ್‌ಫುಟ್' ಕೂಡ ಟಿವಿ ಧಾರಾವಾಹಿ ಆಗಿಬಿಟ್ಟಿತು. ಈಗ ನಾವು 'ಫ್ರೆಂಡ್ಸ್' ಹಾಕಿಕೊಂಡು ಊಟ ಮಾಡುತ್ತೇವಲ್ವಾ, ಅದರ ಅಜ್ಜಿ ಮನೆ ಇದೇ.

[ದೃಶ್ಯ: ಮೆಟ್ಟಿಲುಗಳು, ಕೆಳಗಿಂದ ಮೇಲಕ್ಕೆ ನಿಧಾನವಾಗಿ]

ಸರಿ, 'ಬೇರ್‌ಫುಟ್' ವಿಷಯಕ್ಕೆ ಬಂದೆವು, ಸ್ವಲ್ಪ ಕೂತುಕೊಳ್ಳೋಣ. 1963ರ ಅಕ್ಟೋಬರ್. ನಿರ್ದೇಶನ ಮೈಕ್ ನಿಕೋಲ್ಸ್, ನಾಯಕ ಇನ್ನೂ ಸಿನಿಮಾ ಸ್ಟಾರ್ ಆಗಿರದ ರಾಬರ್ಟ್ ರೆಡ್‌ಫರ್ಡ್, ನಾಯಕಿ ಎಲಿಜಬೆತ್ ಆಶ್ಲಿ. 1,530 ಪ್ರದರ್ಶನ. ಕಥೆ ಅಂದರೆ ಏನೂ ಇಲ್ಲ. ಕೋರಿ, ಪಾಲ್ ಹೊಸ ಜೋಡಿ. ಪ್ಲಾಜಾ ಹೋಟೆಲಿನಲ್ಲಿ ಆರು ದಿನ ಹನಿಮೂನ್ ಮುಗಿಸಿ ಬಾಡಿಗೆ ಮನೆಗೆ ಬರುತ್ತಾರೆ. ಐದು ಮಹಡಿ ಮೇಲೆ, ಲಿಫ್ಟ್ ಇಲ್ಲ, ಹೀಟರ್ ಕೆಲಸ ಮಾಡಲ್ಲ, ಮಾಡಿನ ಗಾಜಿನಲ್ಲಿ ತೂತು, ಅದರಿಂದ ಹಿಮ ಒಳಗೆ ಬೀಳುತ್ತದೆ. ಬಾಗಿಲು ತೆರೆದು ಬರೋ ಪ್ರತಿಯೊಬ್ಬರಿಗೂ ಏದುಸಿರು. ಫೋನ್ ಹಾಕೋಕೆ ಬಂದವನು, ಸಾಮಾನು ತಂದ ಮುದುಕ, ಕೋರಿಯ ಅಮ್ಮ, ಒಬ್ಬೊಬ್ಬರದು ಒಂದೊಂದು ಥರದ ಏದುಸಿರು. ಮುದುಕನ ಬಾಯಿಂದ ಮಾತೇ ಹೊರಡುವುದಿಲ್ಲ.

ಈ ತಮಾಷೆ ಹಳತಾಗಿಲ್ಲ, ಆಗುವುದೂ ಇಲ್ಲ. ಬೆಂಗಳೂರಲ್ಲಿ ಲಿಫ್ಟ್ ಇಲ್ಲದ ಬಿಲ್ಡಿಂಗಿನ ನಾಲ್ಕನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದವರ ಮುಖ ನೋಡಿದವರಿಗೆ ಇದಕ್ಕೆ ವಿವರಣೆ ಬೇಡ.

ಹಳತಾಗಿರೋದು ಬೇರೆ. ಕೋರಿಗೆ ಪಾಲ್ ಮೇಲಿರೋ ದೊಡ್ಡ ದೂರು ಏನು ಗೊತ್ತಾ? ಅವನು ಪಾರ್ಕಿನಲ್ಲಿ ಬರಿಗಾಲಲ್ಲಿ ನಡೆಯಲಿಲ್ಲ ಅಂತ. ಅವನ ವಾದ: ಅವತ್ತು ಹದಿನೇಳು ಡಿಗ್ರಿ ಇತ್ತು. ಫ್ಯಾರನ್‌ಹೀಟ್ ಸ್ವಾಮಿ, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ನಾನು ಪೂರ್ತಿ ಪಾಲ್ ಪಕ್ಷ. ಅದಕ್ಕೇ ವಿಚ್ಛೇದನ ಬೇಕು ಅಂತ ಅವಳು ಕೂಗಾಡುವಾಗ ಇವತ್ತಿನ ಪ್ರೇಕ್ಷಕರಿಗೆ ನಗುವಿನ ಜೊತೆ ಸ್ವಲ್ಪ ಸುಸ್ತೂ ಆಗುತ್ತದೆ. ಆಮೇಲೆ ಅಮ್ಮನ ಬುದ್ಧಿಮಾತು: ನಿನ್ನನ್ನು ನೀನು ಸ್ವಲ್ಪ ಬಿಟ್ಟುಕೊಡು, ಅವನಿಗೆ ತಾನು ಮುಖ್ಯ ಅನ್ನಿಸೋ ಹಾಗೆ ಮಾಡು. ಇದನ್ನು ಕೇಳಿ ಈಗ ಯಾವ ಮಗಳು ಹೂಂ ಅಂತಾಳೆ? ಆದರೆ ಸೈಮನ್ ಜಾಣ. ಅದರ ಬಾಲಕ್ಕೆ ಒಂದು ಮಾತು ಸೇರಿಸುತ್ತಾರೆ, ಹೀಗೆ ಮಾಡಿದರೆ ಹತ್ತು ಜೋಡಿಗಳಲ್ಲಿ ಎರಡು ಜೋಡಿಯ ಹಾಗೆ ನೀನೂ ಸುಖವಾಗಿರುತ್ತೀಯ ಅಂತ. ಹತ್ತರಲ್ಲಿ ಎರಡು! ಆ ಒಂದು ಮಾತು ಇಡೀ ಉಪದೇಶದ ಗಾಳಿ ತೆಗೆದುಬಿಡುತ್ತದೆ.

2006ರಲ್ಲಿ ಇದನ್ನು ಮತ್ತೆ ಬ್ರಾಡ್‌ವೇಗೆ ತಂದರು, ಅಮಾಂಡಾ ಪೀಟ್ ಮತ್ತು ಪ್ಯಾಟ್ರಿಕ್ ವಿಲ್ಸನ್ ಜೋಡಿ. 109 ಪ್ರದರ್ಶನಕ್ಕೆ ಅಂಗಡಿ ಮುಚ್ಚಿತು.

'ದಿ ಸೆವೆನ್ ಇಯರ್ ಇಚ್' ಬಗ್ಗೆ ಜಾಸ್ತಿ ಹೇಳಲ್ಲ. 1952, ಜಾರ್ಜ್ ಆಕ್ಸೆಲ್‌ರಾಡ್, 1,141 ಪ್ರದರ್ಶನ. ಹೆಂಡತಿ ಮಕ್ಕಳು ಬೇಸಿಗೆಗೆ ಊರಿಗೆ ಹೋದಾಗ ಮೇಲ್ಮನೆ ಹುಡುಗಿ ಮೇಲೆ ಕಣ್ಣು ಹಾಕೋ ಗಂಡನ ಕಥೆ. ಆ ಹುಡುಗಿಗೆ ಹೆಸರೇ ಇಲ್ಲ, ಪಾತ್ರಗಳ ಪಟ್ಟಿಯಲ್ಲಿ ಬರೀ 'ಹುಡುಗಿ'. ಅಷ್ಟು ಸಾಕು. ಇದರ ಸಿನಿಮಾದಲ್ಲಿ ಮರ್ಲಿನ್ ಮನ್ರೋ ಇಲ್ಲದಿದ್ದರೆ ಇದನ್ನು ಈಗ ಯಾರು ನೆನಪಿಟ್ಟುಕೊಳ್ಳುತ್ತಿದ್ದರು?

[ದೃಶ್ಯ: ಭೂಪಟ, ಪ್ಯಾರಿಸ್‌ನಿಂದ ಹೊರಟ ಗೆರೆ]

ಈಗ ಗಟ್ಟಿ ಗೋಡೆಗಳ ಕಥೆ. ಪ್ಯಾರಿಸ್ಸಿನಲ್ಲಿ ಬಾರಿಯೆ ಮತ್ತು ಗ್ರೆದಿ ಅನ್ನೋ ಜೋಡಿ ಬರೆದ ಒಂದು ನಾಟಕವನ್ನು ಏಬ್ ಬರೋಸ್ 1965ರಲ್ಲಿ ಬ್ರಾಡ್‌ವೇಗೆ ತಂದರು. ಹೆಸರು 'ಕ್ಯಾಕ್ಟಸ್ ಫ್ಲವರ್', 1,234 ಪ್ರದರ್ಶನ. ಒಬ್ಬ ಹಲ್ಲಿನ ಡಾಕ್ಟರು. ಮದುವೆ ತಪ್ಪಿಸಿಕೊಳ್ಳೋಕೆ ಗೆಳತಿಗೆ 'ನನಗೆ ಮದುವೆಯಾಗಿದೆ, ಮಕ್ಕಳೂ ಇದ್ದಾರೆ' ಅಂತ ಸುಳ್ಳು ಬಿಟ್ಟಿದ್ದಾನೆ. ಕೊನೆಗೆ ಅವಳನ್ನೇ ಮದುವೆಯಾಗೋಣ ಅನ್ನಿಸಿದಾಗ ಅವಳು, 'ಮೊದಲು ನಿನ್ನ ಹೆಂಡತಿ ಜೊತೆ ಮಾತಾಡಬೇಕು' ಅಂತಾಳೆ. ಇಲ್ಲದ ಹೆಂಡತಿಯನ್ನು ಎಲ್ಲಿಂದ ತರೋದು? ತನ್ನ ಕ್ಲಿನಿಕ್ಕಿನ ನರ್ಸನ್ನೇ ಹೆಂಡತಿ ಮಾಡುತ್ತಾನೆ.

ಎಲ್ಲೋ ನೋಡಿದ ಹಾಗಿದೆ ಅಲ್ವಾ? 2005ರಲ್ಲಿ ಸಲ್ಮಾನ್ ಖಾನ್, ಸುಷ್ಮಿತಾ ಸೇನ್ ಇದ್ದ 'ಮೈನೇ ಪ್ಯಾರ್ ಕ್ಯೂಂ ಕಿಯಾ' ಇದೇ ಸರಕು. 2011ರಲ್ಲಿ ಆಡಮ್ ಸ್ಯಾಂಡ್ಲರ್ 'ಜಸ್ಟ್ ಗೋ ವಿಥ್ ಇಟ್' ಅಂತ ಮತ್ತೆ ಮಾಡಿದರು. ಪ್ಯಾರಿಸ್, ನ್ಯೂಯಾರ್ಕ್, ಮುಂಬೈ, ಎಲ್ಲ ಕಡೆ ಸಲೀಸಾಗಿ ಹೊಂದಿಕೊಂಡಿತು. ಯಾಕಂದರೆ ಇಲ್ಲಿನ ಗೋಡೆಯನ್ನು ಸಮಾಜ ಕಟ್ಟಿದ್ದಲ್ಲ. ಅವನೇ ಕಟ್ಟಿಕೊಂಡ ಸುಳ್ಳು. ಒಂದು ಸುಳ್ಳು ಮುಚ್ಚೋಕೆ ಇನ್ನೊಂದು ಸುಳ್ಳು, ಅದಕ್ಕೆ ಮಾತ್ರೆಯೂ ಇಲ್ಲ, ಕಾನೂನು ತಿದ್ದುಪಡಿಯೂ ಇಲ್ಲ.

ನನ್ನ ಮೆಚ್ಚಿನದು ಇನ್ನೊಂದು. 'ಬೇರ್‌ಫುಟ್' ಬಂದ ವರ್ಷವೇ, ಆರು ತಿಂಗಳು ಮೊದಲು, 1963ರ ಏಪ್ರಿಲ್‌ನಲ್ಲಿ 'ಶೀ ಲವ್ಸ್ ಮಿ' ಬಂತು. ಇದು ಹಾಡಿನ ನಾಟಕ, ಹಂಗೇರಿಯ ಮಿಕ್ಲೋಶ್ ಲಾಸ್ಲೋ ಬರೆದ ಹಳೆ ನಾಟಕವೊಂದರ ಮೇಲೆ ಕಟ್ಟಿದ್ದು. ಬುಡಾಪೆಸ್ಟಿನ ಸೆಂಟಿನ ಅಂಗಡಿಯಲ್ಲಿ ಇಬ್ಬರು ಗುಮಾಸ್ತರು, ಹಾವು ಮುಂಗುಸಿ ಥರ. ಇಬ್ಬರೂ ರಾತ್ರಿ ಯಾರಿಗೋ ಪ್ರೇಮಪತ್ರ ಬರೆಯುತ್ತಾರೆ. ಆ 'ಯಾರೋ' ಎದುರಿನ ಕೌಂಟರಿನವರೇ ಅಂತ ಅವರಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ. 'ಬೆಳದಿಂಗಳ ಬಾಲೆ' ನೋಡಿ ಬೆಳೆದವರಿಗೆ ಮುಖ ನೋಡದೆ ಪ್ರೀತಿಸೋದು ಅಂದರೆ ಏನು ಅಂತ ನಾನು ಹೇಳಬೇಕಾ?

ಅದು ಆಗ ಓಡಿದ್ದು ಸುಮಾರು 300 ಪ್ರದರ್ಶನ, ಅಷ್ಟೇ. ದುಡ್ಡು ಮಾಡಿದ 'ಬೇರ್‌ಫುಟ್' ಮುಂದೆ ಲೆಕ್ಕಕ್ಕೇ ಇಲ್ಲ. ಆದರೆ 1993ರಲ್ಲಿ ಬ್ರಾಡ್‌ವೇಗೆ ವಾಪಸ್ ಬಂತು, 2016ರಲ್ಲಿ ಮತ್ತೆ ಬಂತು, ಆ ಸಲ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರವಾದ ಮೊದಲ ಬ್ರಾಡ್‌ವೇ ಪ್ರದರ್ಶನ ಕೂಡ ಆಯಿತು. ಕಾಗದದಲ್ಲಿ ಒಬ್ಬರಾಗಿ, ಎದುರಿಗೆ ಇನ್ನೊಬ್ಬರಾಗಿ ಇರೋದು ಈಗಿನವರಿಗೆ 1963ರವರಿಗಿಂತ ಚೆನ್ನಾಗಿ ಗೊತ್ತು. ಪ್ರೊಫೈಲ್ ಫೋಟೋ ಹಾಕೋ ಪ್ರತಿಯೊಬ್ಬರಿಗೂ ಗೊತ್ತು.

ನೀವು ಕೇಳಬಹುದು, 2022ರಲ್ಲಿ ನೀಲ್ ಸೈಮನ್ನರ 'ಪ್ಲಾಜಾ ಸ್ವೀಟ್' ಭರ್ಜರಿಯಾಗಿ ಓಡಿತಲ್ಲ ಅಂತ. ಓಡಿತು, ನಿಜ. ಅದರಲ್ಲಿ ಇದ್ದವರು ಸಾರಾ ಜೆಸಿಕಾ ಪಾರ್ಕರ್ ಮತ್ತು ಮ್ಯಾಥ್ಯೂ ಬ್ರಾಡ್ರಿಕ್, ನಿಜ ಜೀವನದಲ್ಲೂ ಗಂಡ ಹೆಂಡತಿ. ಜನ ಟಿಕೆಟ್ ಕೊಂಡದ್ದು ನಾಟಕಕ್ಕೋ ಜೋಡಿಗೋ? ನನಗಂತೂ ಅನುಮಾನ ಇದೆ.

[ಪರದೆ ಮೇಲೆ ಮತ್ತೆ: 1,572]

ಇನ್ನು ಮೇರಿ. ನಿಜ ಹೇಳಬೇಕಂದರೆ ನನ್ನ ಗೋಡೆ ಸಿದ್ಧಾಂತಕ್ಕೆ ಅವಳೇ ತಲೆನೋವು. ಕಥೆ ಹೀಗಿದೆ: ಪುಸ್ತಕ ಪ್ರಕಾಶಕ ಬಾಬ್, ಅವನಿಂದ ದೂರವಾದ ಹೆಂಡತಿ ಮೇರಿ. ಅವನಿಗೆ ಇನ್ನೊಬ್ಬಳ ಜೊತೆ ಮದುವೆ ನಿಶ್ಚಯವಾಗಿದೆ. ಇನ್‌ಕಮ್ ಟ್ಯಾಕ್ಸ್ ಲೆಕ್ಕ ಸರಿ ಮಾಡೋಕೆ ವಕೀಲ ಇಬ್ಬರನ್ನೂ ಒಂದೇ ಕಡೆ ಕೂರಿಸುತ್ತಾನೆ. ಹಳೆ ಚೆಕ್ಕುಗಳನ್ನು ಒಂದೊಂದಾಗಿ ನೋಡುತ್ತಾ ಹಳೆ ಸಂಸಾರ ಎದ್ದು ಬರುತ್ತದೆ. ಎಂಥ ಚಂದದ ಐಡಿಯಾ! ಮೇರಿಗೆ ಎಲ್ಲದಕ್ಕೂ ಒಂದು ಚುರುಕು ಮಾತು ರೆಡಿ, ನೋವಾದಾಗ ಇನ್ನೂ ಜಾಸ್ತಿ. ಅವಳ ಗೋಡೆ ಅವಳ ಜೋಕುಗಳೇ. ಒಳಗಿನ ಗೋಡೆ. ನನ್ನ ಲೆಕ್ಕದಲ್ಲಿ ಈ ನಾಟಕ ಉಳಿಯಬೇಕಿತ್ತು.

ಉಳಿಯದೇ ಇದ್ದದ್ದಕ್ಕೆ ನನಗೆ ಕಾಣೋ ಕಾರಣ ಇಷ್ಟೇ. ನಾಟಕ ಅವಳ ಜಾಣತನವನ್ನು ಒಂದು ಕಾಯಿಲೆ ಥರ ನೋಡುತ್ತದೆ, ಇವಳು ಸ್ವಲ್ಪ ಕಡಿಮೆ ಮಾತಾಡಿದರೆ ಎಲ್ಲ ಸರಿಹೋಗುತ್ತೆ ಅನ್ನೋ ಹಾಗೆ. ನಾವು ಈಗ ನಾಟಕಕ್ಕೆ ಹೋಗೋದೇ ಮೇರಿಯ ಮಾತು ಕೇಳೋಕೆ. ಬಾಬ್ ಬದಲಾಗಲಿ ಬಿಡಿ! ಯಾರಾದರೂ ಒಬ್ಬ ಧೈರ್ಯದ ನಿರ್ದೇಶಕಿ ಇದನ್ನು ಎತ್ತಿಕೊಂಡು, ಒಂದು ಪದವನ್ನೂ ಬದಲಿಸದೆ, ಕೊನೆಯ ದೃಶ್ಯದಲ್ಲಿ ಯಾರ ಮುಖದ ಮೇಲೆ ಬೆಳಕು ಬೀಳಬೇಕು ಅನ್ನೋದನ್ನು ಮಾತ್ರ ಬದಲಿಸಿದರೆ ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ.

ಅಲ್ಲಿ ತನಕ ಒಂದು ಕೆಲಸ ಮಾಡಿ. 1967ರ 'ಬೇರ್‌ಫುಟ್' ಸಿನಿಮಾ ಹುಡುಕಿ, ಫೋನಿನವನು ಮೆಟ್ಟಿಲು ಹತ್ತಿ ಬರೋ ತನಕ ನೋಡಿ. ಬ್ರಾಡ್‌ವೇಯಲ್ಲಿ ಆ ಪಾತ್ರ ಮಾಡಿದ್ದ ಹರ್ಬ್ ಎಡೆಲ್ಮನ್ನೇ ಸಿನಿಮಾದಲ್ಲೂ ಇದ್ದಾರೆ. ಆ ಏದುಸಿರಿಗೆ ನಗು ಬಂತಾ ಇಲ್ವಾ ಅಂತ ಕಾಮೆಂಟಿನಲ್ಲಿ ಹಾಕಿ, ನಿಮ್ಮ ಮನೆ ಎಷ್ಟನೇ ಮಹಡಿ ಅಂತಲೂ ಬರೆಯಿರಿ.