ಅಡಿಕೆ ಹೆಕ್ಕುವ ನಾಯಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ, ಗುಡ್ಡೆಯ ಬುಡದಲ್ಲಿ ಒಂದು ಅಡಿಕೆ ತೋಟ. ಆಚೆ ಮನೆಗೆ ಕೂಗು ಹಾಕಿದರೆ ಕೇಳುತ್ತದೆ, ನಡೆದು ಹೋಗಲು ಮಾತ್ರ ಹತ್ತು ನಿಮಿಷ ಬೇಕು. ಇಂಥ ಕಡೆ ನಾಯಿ ಇಲ್ಲದೆ ಆಗುವುದಿಲ್ಲ. ಅಪ್ಪನ ಕಾಲದಲ್ಲಿ ಕರಿಯ ಅಂತ ಒಂದು ನಾಡುನಾಯಿ ಇತ್ತು. ಎಲ್ಲಿಂದಲೋ ಬಂತು, ಹಟ್ಟಿಯ ಪಕ್ಕ ಮಲಗಿತು, ಹನ್ನೆರಡು ವರ್ಷ ಮನೆ ಕಾಯಿತು. ಅದರ ಜಾತಿ ಯಾವುದು ಅಂತ ಯಾರೂ ಕೇಳಲಿಲ್ಲ.

ಕರಿಯ ಹೋದ ಮೇಲೆ ನನಗೆ ಜಾತಿ ನಾಯಿಯ ಆಸೆ ಹತ್ತಿತು. ಲ್ಯಾಬ್ರಡಾರ್ ತಂದೆ. ದೊಡ್ಡ ನಾಯಿ, ದೊಡ್ಡ ಸ್ವರ, ಕಳ್ಳರು ಹೆದರುತ್ತಾರೆ ಅಂತ ಲೆಕ್ಕ. ಆದರೆ ಅಂಗಳಕ್ಕೆ ಯಾರು ಬಂದರೂ ಅದಕ್ಕೆ ಹಬ್ಬ. ಬಾಲ ಆಡಿಸಿಕೊಂಡು ಓಡುವುದು, ಬಾಯಲ್ಲಿ ಏನಾದರೂ ಹಿಡಿದುಕೊಂಡೇ ಓಡುವುದು. ಒಂದು ದಿನ ಮನೆಗೆ ಬಂದ ಮಾವನ ಒಂದು ಚಪ್ಪಲಿ ಕಾಣೆಯಾಯಿತು. ಹುಡುಕುತ್ತಾ ಹೋದರೆ ಬೈಹುಲ್ಲಿನ ಹಿಂದೆ ಚಪ್ಪಲಿಯೂ ಸಿಕ್ಕಿತು, ಜೊತೆಗೆ ಎರಡು ಸೇರಿನಷ್ಟು ಅಡಿಕೆಯೂ! ಅಂಗಳದಲ್ಲಿ ಒಣಗಲು ಹಾಕಿದ್ದನ್ನು ಒಂದೊಂದಾಗಿ ಹೆಕ್ಕಿ ತಂದು ರಾಶಿ ಮಾಡಿತ್ತು. ಒಂದರ ಮೇಲೂ ಹಲ್ಲಿನ ಗುರುತಿಲ್ಲ.

ನನಗೆ ಸಿಟ್ಟು ಬಂದಿತ್ತು. ಆಮೇಲೆ ಓದಿದಾಗ ಗೊತ್ತಾಯಿತು, ತಪ್ಪು ನನ್ನದೇ. ಇದರ ಹಿರಿಯರು ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ನಾಯಿಗಳು. ತಣ್ಣೀರಿಗೆ ಹಾರಿ ಬಲೆಯ ಹಗ್ಗ ಎಳೆಯುತ್ತಿದ್ದವು. ಇಂಗ್ಲಿಷರು ಅವನ್ನು ಸಾಕಿದ್ದು ಗುಂಡು ತಾಗಿ ಬಿದ್ದ ಹಕ್ಕಿಯನ್ನು ಹಾಳಾಗದಂತೆ ಕಚ್ಚಿಕೊಂಡು ತರಲು. ತಲೆತಲಾಂತರದಿಂದ ಹೆಕ್ಕುವ ಕೆಲಸ ಮಾಡಿದ ಪ್ರಾಣಿಯ ಎದುರು ನಾವು ಅಂಗಳ ತುಂಬಾ ಅಡಿಕೆ ಹರಡಿದರೆ ಅದು ಮತ್ತೇನು ಮಾಡಬೇಕು, ಹೇಳಿ?

ಒಂದು ಮಾತು. ಅಡಿಕೆ ನುಂಗಿದರೆ ನಾಯಿಗೆ ಆಗುವುದಿಲ್ಲ. ಅದರಲ್ಲಿರುವ ಅರೆಕೋಲಿನ್ ಎಂಬ ಅಂಶವನ್ನು ಹಿಂದೆ ನಾಯಿಯ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಹೊಟ್ಟೆ ಪೂರ್ತಿ ತೊಳೆದು ಹೋಗುವಷ್ಟು ಜೋರಿನ ಮದ್ದು. ಮನೆಯಲ್ಲಿ ಇದನ್ನು ಪ್ರಯೋಗ ಮಾಡಲು ಹೋಗಬೇಡಿ.

ನೀರಿನದ್ದು ಇನ್ನೊಂದು ಕತೆ. ನೀರಿಗಾಗಿ ಗುಡ್ಡೆಗೆ ಕೊರೆದ ಸುರಂಗದಿಂದ ಬಂದ ನೀರು ನಮ್ಮಲ್ಲಿ ಒಂದು ಟಾಂಕಿಗೆ ಬೀಳುತ್ತದೆ. ಕುಡಿಯುವುದೂ ಅದನ್ನೇ. ನಾಯಿ ದಿನಾ ಟಾಂಕಿಗೆ ಹಾರುತ್ತಿತ್ತು, ಅಮ್ಮ ದಿನಾ ನನಗೆ ಬೈಯುತ್ತಿದ್ದರು. ಮಳೆಗಾಲದಲ್ಲಿ ಅದರ ಜೋಲು ಕಿವಿಯೊಳಗೆ ಪಸೆ ನಿಂತು ಹುಣ್ಣಾಗುತ್ತಿತ್ತು. ಕಿವಿ ಒರೆಸಿ ಒಣಗಿಸುವುದೇ ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನನ್ನ ಕೆಲಸ. ಹಸಿವಂತೂ ಕೇಳಬೇಡಿ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ, ಉಂಡದ್ದು ಸಾಕು ಎನ್ನಿಸುವ ಜೀನ್‌ನಲ್ಲೇ ದೋಷ ಇದೆ ಎಂದು 2016ರಲ್ಲಿ ಕೇಂಬ್ರಿಜ್‌ನವರು ಕಂಡುಹಿಡಿದರು. ಹಲಸಿನ ಕಾಲದಲ್ಲಿ ನಮಗೆ ಅದು ಮೊದಲೇ ಗೊತ್ತಾಗಿತ್ತು.

ಬದಿಯಡ್ಕದ ಭಾವನ ಮನೆಯಲ್ಲಿ ಜರ್ಮನ್ ಶೆಫರ್ಡ್ ಇದೆ. 1899ರಲ್ಲಿ ಜರ್ಮನಿಯ ಸೈನ್ಯಾಧಿಕಾರಿಯೊಬ್ಬ ಕುರಿ ಕಾಯುವ ನಾಯಿಗಳಿಂದ ಬೆಳೆಸಿದ ಜಾತಿ ಅದು. ಬದಿಯಡ್ಕದಲ್ಲಿ ಕುರಿ ಎಲ್ಲಿಂದ ಬರಬೇಕು? ಪೂಜೆಗೆ ಬಂದ ಮಕ್ಕಳನ್ನೇ ಸುತ್ತು ಹಾಕಿ ಹಾಕಿ ಚಾವಡಿಯ ಒಂದು ಮೂಲೆಗೆ ಸೇರಿಸಿತು. ಮಕ್ಕಳು ಅತ್ತರು. ಅಕ್ಕ ಮಾತ್ರ, "ಊಟ ಆಗುವ ವರೆಗೆ ಅಲ್ಲೇ ಇರಲಿ" ಎಂದಳು.

ಆಚೆ ಮನೆಯ ಡ್ಯಾಶ್‌ಹಂಡ್ ಗಿಡ್ಡ ಕಾಲಿನದ್ದು, ನೋಡಿದರೆ ನಗು ಬರುತ್ತದೆ. ಜರ್ಮನ್ ಭಾಷೆಯಲ್ಲಿ ಡಾಕ್ಸ್ ಎಂದರೆ ಬಿಲ ತೋಡುವ ಬ್ಯಾಜರ್ ಎಂಬ ಪ್ರಾಣಿ. ಅದರ ಬಿಲಕ್ಕೇ ನುಗ್ಗಲು ಮಾಡಿದ ನಾಯಿ ಇದು. ಮುಳ್ಳುಹಂದಿಯ ಬಿಲಕ್ಕೆ ನುಗ್ಗಿ ಮೂತಿಗೆ ಮುಳ್ಳು ಚುಚ್ಚಿಸಿಕೊಂಡು ಬಂತು. ವಾಸಿಯಾದ ಮರುವಾರ ಮತ್ತೆ ಅಲ್ಲಿಗೇ ಹೋಯಿತು!

ಮುಧೋಳ ನಾಯಿ ತರಲೇ ಅಂತ ಗೆಳೆಯರೊಬ್ಬರು ಕೇಳಿದರು. ನಮ್ಮದೇ ನಾಡಿನ ಹೆಮ್ಮೆಯ ನಾಯಿ, 2005ರಲ್ಲಿ ಅಂಚೆಚೀಟಿಯಲ್ಲೂ ಬಂದಿದೆ. ಆದರೆ ಅದು ಬಯಲಲ್ಲಿ ಮೊಲ ಕಂಡು ಓಡುವ ನಾಯಿ. ನಮ್ಮ ತೋಟದಲ್ಲಿ ನಾಲ್ಕು ಹೆಜ್ಜೆಗೊಂದು ಅಡಿಕೆ ಮರ, ನಡುವೆ ನೀರು ಹರಿಯುವ ಕಣಿ. ಬೇಡ ಎಂದೆ.

ಇಷ್ಟೆಲ್ಲ ತಿಳಿದು, ಮೊದಲನೆಯದು ತೀರಿಕೊಂಡ ಮೇಲೆ ಧೈರ್ಯವಾಗಿ ಇನ್ನೊಂದು ಲ್ಯಾಬ್ರಡಾರ್ ತಂದೆ. ಹೆಸರು ಚಿನ್ನಿ. ಟಾಂಕಿಗೆ ಮುಚ್ಚಳ ಮಾಡಿಸಿದೆ. ಅಡಿಕೆ ಅಂಗಳಕ್ಕೆ ಬಲೆ ಕಟ್ಟಿಸಿದೆ. ಎಲ್ಲಾ ದಂಡ! ಚಿನ್ನಿಗೆ ನೀರು ಕಂಡರೆ ಭಯ. ಅಡಿಕೆಯನ್ನು ಮೂಸಿಯೂ ನೋಡುವುದಿಲ್ಲ. ಹೊಸಬರು ಬಂದರೆ ಕರಿಯನ ಹಾಗೆ ಬೊಗಳುತ್ತಾಳೆ.

ಇದಕ್ಕೂ ಉತ್ತರ ಇದೆ. 2022ರಲ್ಲಿ ಅಮೆರಿಕದ ವಿಜ್ಞಾನಿಗಳು 18,000ಕ್ಕೂ ಹೆಚ್ಚು ನಾಯಿಗಳ ನಡತೆಯ ಬಗ್ಗೆ ಸಾಕಿದವರನ್ನೇ ಕೇಳಿ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎ ನೋಡಿದರು. ಒಂದು ನಾಯಿಗೂ ಇನ್ನೊಂದಕ್ಕೂ ನಡತೆಯಲ್ಲಿ ಇರುವ ವ್ಯತ್ಯಾಸದಲ್ಲಿ ಜಾತಿಯಿಂದ ಬರುವುದು ಸುಮಾರು ಶೇಕಡಾ 9 ಮಾತ್ರ ಎಂದು ಕಂಡಿತು. ಹಾಗಾದರೆ ಅಡಿಕೆ ಹೆಕ್ಕಿದ್ದು ಜಾತಿಯ ಗುಣವೋ, ಆ ಒಂದು ನಾಯಿಯ ಹುಚ್ಚೋ? ನಾನು ಈಗಲೂ ಯೋಚಿಸುತ್ತೇನೆ.

ಚಿನ್ನಿಗೆ ಭಾಷೆ ಮಾತ್ರ ಚೆನ್ನಾಗಿ ಬರುತ್ತದೆ. ನಾವು ಕನ್ನಡದಲ್ಲಿ ಬಾ ಎಂದರೂ ಬರುತ್ತಾಳೆ, ತೋಟದ ಕೆಲಸದವರು ತುಳುವಿನಲ್ಲಿ ಬಲಾ ಎಂದರೂ ಬರುತ್ತಾಳೆ, ಮೀನು ಮಾರುವವರು ಮಲೆಯಾಳದಲ್ಲಿ ವಾ ಎಂದರಂತೂ ಓಡಿಯೇ ಹೋಗುತ್ತಾಳೆ. ಬಕೆಟ್, ಸಾಬೂನು ಹಿಡಿದು ಕರೆದರೆ ಮೂರರಲ್ಲಿ ಒಂದು ಭಾಷೆಯೂ ತಿಳಿಯುವುದಿಲ್ಲ.

ನಮಸ್ಕಾರ.