ಮೊಲಕ್ಕಿಂತ ಬೋನೇ ದುಬಾರಿ

ಬೆಳಗ್ಗೆ ಐದೂವರೆ. ಶ್ರೀನಿವಾಸಪುರದ ಹತ್ತಿರ ನಮ್ಮ ಮಾವಿನ ತೋಟ. ಕತ್ತಲಲ್ಲಿ ಏನೂ ಕಾಣಿಸುತ್ತಿಲ್ಲ ಅಂತ ಬೈಬೇಡಿ, ಈ ಹೊತ್ತಲ್ಲೇ ಆಗುವ ಕೆಲಸ ಇದು. ನೋಡಿ, ನಮ್ಮ ಮೊಲ ಬಗ್ಗಿತು. ತಲೆ ಹೊಟ್ಟೆ ಕೆಳಗೆ ಹೋಯಿತು. ನುಂಗಿತು. ಹೌದು, ತನ್ನ ಹಿಕ್ಕೆಯನ್ನೇ.

ಮೊದಲ ಸಲ ನೋಡಿದ ದಿನ ನನಗೆ ಊಟ ಸೇರಲಿಲ್ಲ. ಅಂಗಡಿಯವರನ್ನು ಕೇಳಿದೆ. ಜಾಲರಿ ನೆಲದ ಬೋನು ತಗೊಳ್ಳಿ, ಹಿಕ್ಕೆ ಕೆಳಗೆ ಬೀಳುತ್ತೆ, ಬಾಯಿಗೆ ಸಿಗಲ್ಲ ಅಂದರು. 2,800 ರೂಪಾಯಿ! ಜೋಡಿ ಮೊಲಕ್ಕೆ ನಾನು ಕೊಟ್ಟಿದ್ದೇ 900. ಅರ್ಧ ಗಂಟೆ ಚೌಕಾಸಿ ಮಾಡಿ 50 ಬಿಡಿಸಿಕೊಂಡೆ, ಆಟೋಗೆ 150 ಹೋಯಿತು. ಸೀಟಲ್ಲಿ ಬೋನು ಆರಾಮಾಗಿ ಕೂತಿತ್ತು, ನಾನು ತುದಿಯಲ್ಲಿ ನೇತಾಡಿಕೊಂಡು ಬಂದೆ. ತಂದರೆ ಏನು? ಇದು ನೆಲದಿಂದ ಹೆಕ್ಕಿ ತಿನ್ನುವುದೇ ಇಲ್ಲ! ನೇರ ಹಿಂಬದಿಗೇ ಬಾಯಿ. ಜಾಲರಿ ಏನು ಮಾಡೀತು?

ರೋಗವೂ ಅಲ್ಲವಂತೆ. ಕೆಳಗೆ ಉದುರುವ ಗಟ್ಟಿ ಗುಂಡು ಬೇರೆ. ಇದು ಮೆತ್ತಗೆ, ಲೋಳೆ ಲೋಳೆ, ಪುಟಾಣಿ ದ್ರಾಕ್ಷಿ ಗೊಂಚಲಿನ ಹಾಗೆ. ಸಣ್ಣ ಕರುಳು ಮುಗಿದ ಮೇಲೆ ಸೀಕಂ ಅಂತ ಒಂದು ಚೀಲ. ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುಳಿ ಬರಿಸಿ ಬಿ ವಿಟಮಿನ್, ಪ್ರೊಟೀನ್ ಮಾಡುತ್ತವೆ. ಆದರೆ ಅದನ್ನು ಚೆನ್ನಾಗಿ ಹೀರುವ ಜಾಗ ಹಿಂದೆಯೇ ಹೋಯಿತಲ್ಲ. ಸ್ಟಾಪ್ ದಾಟಿದ ಮೇಲೆ ಕಂಡಕ್ಟರ್ ಊರ ಹೆಸರು ಕೂಗಿದ ಹಾಗೆ. ಇಳಿದು ಇನ್ನೊಂದು ಸುತ್ತು ಬರಲೇಬೇಕು. ಹಸುವಿಗೆ ಈ ತಾಪತ್ರಯವಿಲ್ಲ, ಅದರ ಹುಳಿ ಬರಿಸುವ ಹೊಟ್ಟೆ ಮೊದಲೇ ಇದೆ.

ಕುದುರೆ ಮರಿ, ಆನೆ ಮರಿ ಕೂಡ ತಾಯಿಯ ಲದ್ದಿ ತಿನ್ನುತ್ತವೆ. ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಮರಿಯ ಹೊಟ್ಟೆಗೆ ಸೇರುವುದು ಹಾಗೆ. ಅಜ್ಜಿಗೆ ಹೇಳಿದರೆ, “ಹೆಪ್ಪು ಹಾಕ್ದೇ ಹಾಲು ಮೊಸರಾಗ್ತದೇನೋ?” ಅಂದರು. ಮುಗೀತು. ನಾನು ಇಷ್ಟು ಹೊತ್ತು ಒದ್ದಾಡಿದ್ದು ಸುಮ್ನೆ.

ನಾಯಿ ತಿಂದರೆ ಮಾತ್ರ ನನಗೆ ಈಗಲೂ ಅಸಹ್ಯ. ಆದರೆ ನಮ್ಮ ಕರಿ ನಾಯಿ ಮರಿ ಹಾಕಿದಾಗ ಮರಿಗಳದ್ದನ್ನೆಲ್ಲ ನೆಕ್ಕಿ ಜಾಗ ಚೊಕ್ಕಟವಾಗಿ ಇಟ್ಟಿತ್ತು. ಸರಿ, ತಾಯಿಗೆ ಮಾಫಿ.

ಅಯ್ಯೋ, ತಿಂದು ಮುಗಿಸಿ ಮೂಲೆ ಸೇರಿತು! ಬೋನು ಯಾರಿಗಾದರೂ ಬೇಕಾ? 2,000 ಕೊಟ್ಟರೆ ಸಾಕು. ಬೇಡ, ಕೊಡಲ್ಲ. ಕೆಳಗೆ ಬಿದ್ದ ಗಟ್ಟಿ ಹಿಕ್ಕೆ ಗುಲಾಬಿ ಗಿಡಕ್ಕೆ ಹಾಕುತ್ತಿದ್ದೇನೆ, ಮೊಗ್ಗು ಜಾಸ್ತಿ ಬಂದಿದೆ.