‘ಬಾರಾ ಬೋರ್’ನಲ್ಲಿ ಹನ್ನೆರಡು ಏನು? ಸ್ಕೀಟ್ ಕಲಿಯುವವರ ಮೊದಲ ಕೋವಿ

ನಮಸ್ಕಾರ. ಪುಣೆಯ ಬಾಣೇರ್‌ನ ವೀಕ್ಷಕರೊಬ್ಬರು ಕೇಳಿದ್ದಾರೆ: “ಸರ್, ಸ್ಕೀಟ್ ಕಲಿಯಬೇಕು ಅಂತಿದ್ದೇನೆ. ನಾನು ಸ್ವಲ್ಪ ತೆಳ್ಳಗೆ. 20 ಬೋರ್ ದೊಡ್ಡದು, 12 ಚಿಕ್ಕದು ಅಲ್ವಾ? 12 ತಗೊಳ್ಳಲಾ?”

ತಗೊಳ್ಳಿ. ಆದರೆ ಕಾರಣ ಪೂರ್ತಿ ಉಲ್ಟಾ!

ಸ್ಕೀಟ್ ಗೊತ್ತಿಲ್ಲದವರಿಗೆ ಹತ್ತು ಸೆಕೆಂಡ್. ಹಾರುವ ತಟ್ಟೆಗಳನ್ನು ಕೋವಿಯಿಂದ ಒಡೆಯುವ ಆಟ ಇದು. ಎಡಕ್ಕೊಂದು ಎತ್ತರದ ಗೂಡು, ಬಲಕ್ಕೊಂದು ತಗ್ಗಿನ ಗೂಡು. ಎರಡರಿಂದಲೂ 110 ಮಿಲಿಮೀಟರ್ ಅಗಲದ ತಟ್ಟೆಗಳು ಹಾರುತ್ತವೆ. ಎಂಟು ಜಾಗಗಳಲ್ಲಿ ನಿಂತು 25 ತಟ್ಟೆಗೆ ಹೊಡೆದರೆ ಒಂದು ರೌಂಡ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ವರಿ ಚೌಹಾಣ್, ಅನಂತ್‌ಜೀತ್ ಸಿಂಗ್ ನರುಕಾ ಜೋಡಿಗೆ ಕಂಚು ತಪ್ಪಿದ್ದು ಇದೇ ಆಟದಲ್ಲಿ, ಒಂದೇ ಒಂದು ತಟ್ಟೆಯಿಂದ. ಎದುರಾಳಿ 44, ನಮ್ಮವರು 43. ಹೊಟ್ಟೆ ಉರಿಯುತ್ತದೆ, ಬಿಡಿ.

ಈಗ ಬೋರ್, ಅಂದರೆ ಕೋವಿಯ ನಳಿಗೆ ಎಷ್ಟು ಅಗಲ ಅನ್ನುವ ಲೆಕ್ಕ. ಪುಣೆಯಲ್ಲಿ ಇದನ್ನು ‘ಬಾರಾ ಬೋರ್’ ಅನ್ನುತ್ತಾರೆ. ಮರಾಠಿಯಲ್ಲಿ ಬೋರ್ ಅಂದರೆ ಬೋರೆಹಣ್ಣು. ಇಲ್ಲಿಗೆ ಬಂದ ಹೊಸದರಲ್ಲಿ ನಾನು ‘ಹನ್ನೆರಡು ಬೋರೆಹಣ್ಣು’ ಅಂತಲೇ ತಿಳಿದಿದ್ದೆ. ನನ್ನ ಪೆದ್ದುತನ ಅಷ್ಟೇನೂ ತಪ್ಪಲ್ಲ. ಅದು ನಿಜಕ್ಕೂ ಹನ್ನೆರಡು ಗುಂಡನೆಯ ಉಂಡೆಗಳ ಲೆಕ್ಕ.

(ದೃಶ್ಯ: ಪುಣೆಯ ಕೋತ್ರೂಡ್‌ನ ಅಡುಗೆಮನೆ, ಕಟ್ಟೆಯ ಮೇಲೆ ತಕ್ಕಡಿ, ಎರಡು ತಾಟು)

ಧಾರವಾಡದಿಂದ ಅವ್ವ ಬಂದಿದ್ದಾರೆ. ಶೇಂಗಾ ಉಂಡೆ ಕಟ್ಟುತ್ತಿದ್ದಾರೆ. ಒಂದು ಪೌಂಡ್, ಅಂದರೆ 454 ಗ್ರಾಂ ಶೇಂಗಾ-ಬೆಲ್ಲ ಈ ತಾಟಿನಲ್ಲಿ. ಇದರಲ್ಲಿ ಸಮನಾಗಿ ಹನ್ನೆರಡು ಉಂಡೆ. ಅಷ್ಟೇ ತೂಕ ಆ ತಾಟಿನಲ್ಲಿ, ಅಲ್ಲಿ ಇಪ್ಪತ್ತು. ಯಾವುದು ದಪ್ಪ? ಅವ್ವನ ಮಾತು ಕೇಳಿ: “ಇಪ್ಪತ್ತು ಮಾಡಿದ್ರ ಎಲ್ಲಾರಿಗೂ ಸಾಲ್ತಾವ. ಹನ್ನೆರಡು ಮಾಡಿದ್ರ ಒಂದಕ್ಕ ಹೊಟ್ಟಿ ತುಂಬ್ತದ.”

ಅಷ್ಟೇ ಕಣ್ರೀ! ಶೇಂಗಾ ಬದಲು ಸೀಸ ಹಾಕಿ. ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಉಂಡೆ ಕಟ್ಟಿದರೆ ಒಂದೊಂದೂ ಸುಮಾರು 18.5 ಮಿಲಿಮೀಟರ್ ದಪ್ಪ. ಅದು ಸರಿಯಾಗಿ ಕೂರುವ ನಳಿಗೆಯೇ 12 ಬೋರ್. ಇಪ್ಪತ್ತು ಕಟ್ಟಿದರೆ 15.6 ಮಿಲಿಮೀಟರ್, ಅದು 20 ಬೋರ್. ಸಂಖ್ಯೆ ಏರಿದಷ್ಟೂ ನಳಿಗೆ ಸಣ್ಣ. ‘ಫೋರ್ ಟೆನ್’ ಮಾತ್ರ ಈ ಪಂಕ್ತಿಯಲ್ಲಿ ಕೂರುವುದಿಲ್ಲ. ಅದು 0.410 ಇಂಚು, ನೇರ ಅಳತೆ. ಯಾಕೆ ಇದೊಂದಕ್ಕೆ ಬೇರೆ ಲೆಕ್ಕ ಅಂತ ಅವ್ವನೂ ಕೇಳಿದರು.

ಹಾಗಾದರೆ ತೆಳ್ಳಗಿನವರಿಗೆ ಸಣ್ಣ, ಹಗುರ ಕೋವಿ ಒಳ್ಳೆಯದಲ್ವಾ? ಎಲ್ಲರೂ ಬೀಳುವುದು ಇಲ್ಲೇ. ತೋಟಾದ ಜೋರು ಅಷ್ಟೇ ಇದ್ದು ಕೋವಿ ಹಗುರವಾದರೆ ಹೆಗಲಿಗೆ ಒದೆ ಜಾಸ್ತಿ. ಮೂರೂವರೆ ಕೆಜಿ ಆಸುಪಾಸಿನ 12 ಬೋರ್‌ಗೆ 24 ಗ್ರಾಂ ಚರೆಯ, ಅಂದರೆ ಸಣ್ಣ ಕಾಳುಗಳ, ತೋಟಾ ಹಾಕಿ. ಒಲಿಂಪಿಕ್ಸ್‌ನಲ್ಲೂ ಅಷ್ಟೇ. ಒದೆ ತಡೆಯುವಂತಿರುತ್ತದೆ. ಎರಡು ಮಿಲಿಮೀಟರ್ ಚರೆಯಾದರೆ ಅದರಲ್ಲಿ ಸುಮಾರು 500 ಕಾಳು. ಫೋರ್ ಟೆನ್‌ನ ಚಿಕ್ಕ ತೋಟಾದಲ್ಲಿ ಅಷ್ಟು ಕಾಳು ಹಿಡಿಯುವುದಿಲ್ಲ, ತಟ್ಟೆಗೆ ತಗಲುವ ಅವಕಾಶವೂ ಕಡಿಮೆ. ಮಕ್ಕಳ ಕೋವಿ ಅಂತ ಕೊಡುವ ಅದು, ನನ್ನ ಪ್ರಕಾರ, ಪಳಗಿದವರ ಕೋವಿ.

ಬೋರ್‌ಗಿಂತ ದೊಡ್ಡ ವಿಷಯ ಕೆನ್ನೆ. ಹೌದು, ಕೆನ್ನೆ! ರೈಫಲ್‌ಗೆ ಹಿಂದೊಂದು, ಮುಂದೊಂದು ಗುರಿ ಇರುತ್ತದೆ. ಸ್ಕೀಟ್ ಕೋವಿಗೆ ಹಿಂದೆ ಏನೂ ಇಲ್ಲ. ನಿಮ್ಮ ಕಣ್ಣೇ ಹಿಂದಿನ ಗುರಿ. ಕೆನ್ನೆ ಬಟ್ (ಹೆಗಲಿಗೆ ಒತ್ತುವ ಹಿಂಭಾಗ) ಮೇಲೆ ಪ್ರತಿ ಸಲ ಅದೇ ಜಾಗದಲ್ಲಿ ಕೂತರಷ್ಟೇ ಕಣ್ಣೂ ಅದೇ ಜಾಗದಲ್ಲಿರುತ್ತದೆ. ಬಟ್ ಉದ್ದ ಜಾಸ್ತಿಯಾದರೆ ಏರಿಸುವಾಗ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ.

ಕಣ್ಣಿನದ್ದು ನಾನು ತಡವಾಗಿ ಕಲಿತೆ. ಬಲಗೈಯವನು, ಬಲ ಹೆಗಲಿಗೇ ಇಟ್ಟೆ. ಮೊದಲ ರೌಂಡ್‌ನಲ್ಲಿ 25ಕ್ಕೆ ನಾಲ್ಕು! ಕೋಚ್ ಕೋವಿ ಇಳಿಸಿ ಅಂದರು. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ಆ ಕಿಂಡಿಯಿಂದ ದೂರದ ಕಂಬ ನೋಡಿಸಿದರು. ಎಡಗಣ್ಣು ಮುಚ್ಚಿದರೆ ಕಂಬ ಮಾಯ. ಅಂದರೆ ನನ್ನಲ್ಲಿ ಯಜಮಾನಿಕೆ ಎಡಗಣ್ಣಿನದು. ಕೋವಿ ಬಲಕ್ಕೆ, ಗುರಿ ನೋಡುವುದು ಎಡಗಣ್ಣು! ಕನ್ನಡಕದ ಎಡ ಗಾಜಿಗೆ ಚೂರು ಟೇಪ್ ಅಂಟಿಸಿದರು. ಆಮೇಲಿನ ಲೆಕ್ಕ ಸ್ವಲ್ಪ ಮರ್ಯಾದೆಯದ್ದು.

ಟೈಮ್ ಆಗ್ತಿದೆ, ಉಳಿದದ್ದು ಒಟ್ಟಿಗೇ. ಒಂದರ ಮೇಲೊಂದು ನಳಿಗೆಯ ಕೋವಿ ತಗೊಳ್ಳಿ. ಎರಡು ತಟ್ಟೆ ಒಟ್ಟಿಗೆ ಬಂದಾಗ ಎರಡು ಈಡು ಸಿದ್ಧ. ಮಡಚಿ ತೆರೆದರೆ ಖಾಲಿ ಇದೆ ಅಂತ ಪಕ್ಕದವರಿಗೂ ಕಾಣುತ್ತದೆ. ಗ್ಯಾಸ್‌ನಲ್ಲಿ ಓಡುವ ಸೆಮಿ ಆಟೋಮ್ಯಾಟಿಕ್‌ನ ಒದೆ ಇನ್ನೂ ಮೆತ್ತಗೆ, ಆದರೆ ಖಾಲಿ ತೋಟಾ ಪಕ್ಕಕ್ಕೆ ಎಸೆಯುತ್ತದೆ. ನಳಿಗೆ 28 ಇಂಚು ಇರಲಿ, ಚೋಕ್ (ನಳಿಗೆಯ ತುದಿಯ ಬಿಗಿ) ಸಡಿಲ ಇರಲಿ. ಸೆಕೆಂಡ್ ಹ್ಯಾಂಡ್ ಟ್ರ್ಯಾಪ್ ಕೋವಿ ಅಗ್ಗ ಅಂತ ಹಿಡಿಯಬೇಡಿ. ಅದು ಮೇಲೇರುತ್ತಾ ದೂರ ಹೋಗುವ ತಟ್ಟೆಗೆ ಮಾಡಿದ್ದು.

ಲೈಸೆನ್ಸ್ ಬೇಕೇ ಬೇಕು, 1959ರ ಶಸ್ತ್ರಾಸ್ತ್ರ ಕಾಯ್ದೆ. ಕೊಡವರಿಗೆ ವಿನಾಯಿತಿ ಇದೆ, ಕೈಲ್‌ಪೊಳ್ದ್‌ ಹಬ್ಬಕ್ಕೆ ಕೋವಿಗೆ ಪೂಜೆಯೂ ಇದೆ. ಕೋತ್ರೂಡ್‌ನಲ್ಲಿ ಕೂತ ನಮಗೆ ಎರಡೂ ಇಲ್ಲ. ಲೈಸೆನ್ಸ್ ಬರುವ ತನಕ ಕೋಚ್ ಕಣ್ಣೆದುರು ಕ್ಲಬ್ಬಿನ ಕೋವಿಗಳಲ್ಲಿ ಹೊಡೆಯಿರಿ, ನಾಲ್ಕೈದು ಬದಲಿಸಿ ನೋಡಿ. ಸೈಜ್ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಕೊಡೋಕೆ ಇದು ಚಪ್ಪಲಿ ಅಲ್ಲ.

ಬಾಣೇರ್‌ನವರೇ, ಈಗಲೇ ಕೈ ಚಾಚಿ ಕಿಂಡಿ ಮಾಡಿ. ನಿಮ್ಮದು ಎಡಗಣ್ಣೋ ಬಲಗಣ್ಣೋ, ಕೆಳಗೆ ಬರೆಯಿರಿ.